ದಿನಾ ಬ್ರಷ್ ಮಾಡಿದರೂ ನಾಯಿಯ ಕೂದಲು ಯಾಕೆ ಗಂಟಾಗುತ್ತದೆ?

ಪ್ರಶ್ನೆ: ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. 10 ತಿಂಗಳ ಶಿಹ್ ತ್ಸು ಹೆಣ್ಣು ನಾಯಿ ಇದೆ, ಹೆಸರು ಚಿನ್ನು. ದಿನಾ ಸಂಜೆ ಬ್ರಷ್ ಮಾಡುತ್ತೇನೆ. ಆದರೂ ಕಿವಿಯ ಹಿಂದೆ, ಮುಂಗಾಲಿನ ಸಂದಿಯಲ್ಲಿ, ಬಾಲದ ಬುಡದಲ್ಲಿ ಕೂದಲು ಗಂಟುಗಂಟಾಗುತ್ತಿದೆ. ಮೊದಲು ಹೀಗಿರಲಿಲ್ಲ. ಈಗ ಬ್ರಷ್ ಕಂಡರೆ ಸೋಫಾದ ಕೆಳಗೆ ಹೋಗಿ ಕೂರುತ್ತಾಳೆ, ಹಿಡಿದರೆ ಕಚ್ಚಲು ಬರುತ್ತಾಳೆ. ಕೊಬ್ಬರಿ ಎಣ್ಣೆ ಹಚ್ಚಿ ಬಾಚು ಎಂದು ನಮ್ಮ ಅತ್ತೆ ಹೇಳುತ್ತಾರೆ. ಮಳೆಗಾಲಕ್ಕೆ ಮೊದಲು ಪೂರ್ತಿ ಬೋಳಿಸಿಬಿಡೋಣ ಎಂದು ನಮ್ಮನೆಯವರು. ಪ್ರತಿ ಸಲ ಗೋವಾಕ್ಕೆ ಒಯ್ದು ಗ್ರೂಮಿಂಗ್ ಮಾಡಿಸುವುದು ನಮ್ಮಿಂದ ಆಗದು. ಮನೆಯಲ್ಲೇ ಸರಿಯಾಗಿ ಮಾಡುವುದು ಹೇಗೆ?

ಉತ್ತರ: ಮೊದಲು ಒಂದು ಪರೀಕ್ಷೆ ಮಾಡಿ. ಇವತ್ತು ಸಂಜೆ ಎಂದಿನಂತೆ ಬ್ರಷ್ ಮಾಡಿ ಮುಗಿಸಿ. ಆಮೇಲೆ ಒಂದು ಸ್ಟೀಲ್ ಬಾಚಣಿಗೆ ತೆಗೆದುಕೊಂಡು, ಹಲ್ಲು ಚರ್ಮಕ್ಕೆ ಮೆತ್ತಗೆ ತಾಗುವಂತೆ ಇಟ್ಟು, ತುದಿಯವರೆಗೆ ಎಳೆಯಿರಿ. ಬೆನ್ನಿನ ಮೇಲೆ ಸಲೀಸಾಗಿ ಬರುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಒಳಗೆ ಇಟ್ಟು ನೋಡಿ. ಅರ್ಧ ಇಂಚು ಬಂದು ನಿಂತುಬಿಡುತ್ತದೆ, ಅಲ್ವಾ? ನೀವು ದಿನಾ ಬ್ರಷ್ ಮಾಡುವುದು ನಿಜ. ಆದರೆ ಆ ಬ್ರಷ್ ಕೂದಲಿನ ಮೇಲುಪದರವನ್ನಷ್ಟೇ ಸವರಿಕೊಂಡು ಹೋಗುತ್ತಿದೆ. ಒಳಗೆ, ಚರ್ಮದ ಹತ್ತಿರ ಏನಾಗುತ್ತಿದೆ ಎಂದು ಅದಕ್ಕೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಉದ್ದ ಕೂದಲಿನ ಚಿಕ್ಕ ನಾಯಿ ಇರುವ ಮನೆಗಳಲ್ಲಿ ನಾನು ನೋಡುವ ತೊಂದರೆಗಳಲ್ಲಿ ಇದೇ ಹೆಚ್ಚು. ಘಟ್ಟದ ಮೇಲೆ ಶಿರಸಿಯಲ್ಲೂ ಅದೇ, ಕೆಳಗೆ ಕಾರವಾರ, ಕುಮಟಾದಲ್ಲೂ ಅದೇ. ಮೇಲಿನಿಂದ ನೋಡಿದರೆ ನಾಯಿ ರೇಷ್ಮೆಯ ಹಾಗೆ ಇರುತ್ತದೆ. ಬೆರಳು ತೂರಿಸಿದರೆ ಒಳಗೆ ಕಂಬಳಿ ಸಿಗುತ್ತದೆ.

ಶಿಹ್ ತ್ಸುಗೆ ಎರಡು ಪದರ ಕೂದಲು. ಹೊರಗೂದಲು ಉದ್ದ, ಒಳಗೂದಲು ಗಿಡ್ಡ ಮತ್ತು ಮೆತ್ತಗೆ. ಒಳಗೂದಲು ಉದುರಿದಾಗ ನೆಲಕ್ಕೆ ಬೀಳುವುದು ಕಡಿಮೆ. ಹೊರಗೂದಲಿನ ನಡುವೆಯೇ ಸಿಕ್ಕಿಹಾಕಿಕೊಂಡು ಅಲ್ಲೇ ಉಳಿಯುತ್ತದೆ. 'ನಮ್ಮ ನಾಯಿ ಕೂದಲೇ ಉದುರಿಸುವುದಿಲ್ಲ' ಎಂದು ಜನ ಖುಷಿಯಿಂದ ಹೇಳುತ್ತಾರಲ್ಲ, ಅದರ ಗುಟ್ಟು ಇದೇ. ಉದುರಿದ್ದು ಮನೆಯ ಮೂಲೆಯಲ್ಲಿ ಸಿಗುವ ಬದಲು ನಾಯಿಯ ಮೈಮೇಲೇ ಸಿಗುತ್ತದೆ.

ಇನ್ನು ಮೊದಲು ಇಲ್ಲದ್ದು ಈಗ್ಯಾಕೆ ಎಂದರೆ, ಚಿನ್ನುವಿನ ವಯಸ್ಸು. ಸುಮಾರು 9-10 ತಿಂಗಳಿನಿಂದ ವರ್ಷ ದಾಟುವವರೆಗೆ ಮರಿಗೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುತ್ತದೆ. ಹಳೆಯದು ಹೋಗುತ್ತಾ ಹೊಸದು ಬರುತ್ತಾ ಇರುವ ಈ ಸಮಯದಲ್ಲಿ ಬೆಳಿಗ್ಗೆ ಬಿಡಿಸಿದ ಸಿಕ್ಕು ಸಂಜೆಗೆ ಮತ್ತೆ ತಯಾರು. ಎಷ್ಟೋ ಜನ ಬೇಸತ್ತು ಬೋಳಿಸುವುದು ಈ ತಿಂಗಳುಗಳಲ್ಲೇ. ಇದು ದಾಟಿಹೋಗುವ ಕಾಲ. ಒಂದೆರಡು ತಿಂಗಳು ತಾಳ್ಮೆ ಇಟ್ಟುಕೊಳ್ಳಿ, ಆಮೇಲೆ ಕೆಲಸ ಕಡಿಮೆಯಾಗುತ್ತದೆ.

ಸಾಮಾನು ಹೆಚ್ಚೇನೂ ಬೇಡ. ಒಂದು ಸ್ಲಿಕರ್ ಬ್ರಷ್, ಅಂದರೆ ಸಣ್ಣ ಬಾಗಿದ ತಂತಿಗಳು ಒತ್ತಾಗಿರುವ ಚಪ್ಪಟೆ ಬ್ರಷ್. ಚಿಕ್ಕ ನಾಯಿಗೆ ಮೆತ್ತನೆಯದ್ದು, ಚಿಕ್ಕ ಅಳತೆಯದ್ದು ತೆಗೆದುಕೊಳ್ಳಿ. ಕೊಳ್ಳುವ ಮೊದಲು ನಿಮ್ಮ ಮೊಣಕೈಯ ಒಳಭಾಗದ ಮೇಲೆ ಎಳೆದು ನೋಡಿ, ನಿಮಗೆ ಕೆರೆದಂತಾದರೆ ಅದಕ್ಕೂ ಕೆರೆಯುತ್ತದೆ. ಎರಡನೆಯದು ಸ್ಟೀಲ್ ಬಾಚಣಿಗೆ, ಒಂದು ಅರ್ಧ ಅಗಲ ಹಲ್ಲು, ಇನ್ನೊಂದು ಅರ್ಧ ಒತ್ತು ಹಲ್ಲು ಇರುವಂಥದ್ದು. ಮೂರನೆಯದು ತುದಿ ದುಂಡಗಿರುವ ಕತ್ತರಿ. ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಮನೆಯಲ್ಲೇ ಇರುತ್ತದೆ. ಕೈಗವಸಿನ ಹಾಗಿರುವ ರಬ್ಬರ್ ಬ್ರಷ್ಷು, ಬಟನ್ ಒತ್ತಿದರೆ ಕೂದಲು ಕೆಳಗೆ ಬೀಳುವ ಬ್ರಷ್ಷು, ಇವಕ್ಕೆಲ್ಲ ದುಡ್ಡು ಹಾಕಬೇಡಿ. ಒಳಗೂದಲು ಕೀಳುವ ಬ್ಲೇಡ್ ಇರುವ ಸಾಧನವಂತೂ ಬೇಡವೇ ಬೇಡ. ಅದು ಹೊರಗೂದಲನ್ನೂ ಕತ್ತರಿಸಿ ಹಾಕುತ್ತದೆ.

ಈಗ ಮುಖ್ಯ ಕೆಲಸ. ಒಣಗಿದ ಕೂದಲಿಗೆ ನೇರವಾಗಿ ಬ್ರಷ್ ಹಾಕಬೇಡಿ, ಕೂದಲು ತುಂಡಾಗುತ್ತದೆ. ಕಾಲು ಲೀಟರ್ ನೀರಿಗೆ ನಾಯಿಗಳ ಕಂಡಿಷನರ್ ಒಂದು ಚಿಕ್ಕ ಚಮಚ ಹಾಕಿ ಕಲಕಿ, ಮಂಜಿನಷ್ಟೇ ಚಿಮುಕಿಸಿ. ತೊಯ್ಯಬಾರದು, ಪಸೆ ಸಿಕ್ಕರೆ ಸಾಕು. ನಮ್ಮ ಹವೆಯಲ್ಲಿ ಈ ನೀರು ಬೇಗ ಕೆಡುತ್ತದೆ. ವಾರಕ್ಕೊಮ್ಮೆ ಚೆಲ್ಲಿ ಹೊಸದು ಮಾಡಿಕೊಳ್ಳಿ.

ಚಿನ್ನುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಹೊಟ್ಟೆಯ ಕಡೆಯಿಂದ ಶುರು ಮಾಡಬೇಕು, ಬೆನ್ನಿನ ಕಡೆಯಿಂದಲ್ಲ. ಎಡಗೈಯಿಂದ ಮೇಲಿನ ಕೂದಲನ್ನೆಲ್ಲ ಬೆನ್ನಿನತ್ತ ಎತ್ತಿ ಹಿಡಿಯಿರಿ. ಕೆಳಗೆ ಬೈತಲೆ ತೆಗೆದ ಹಾಗೆ ಚರ್ಮದ ಒಂದು ಗೆರೆ ಕಾಣುತ್ತದೆ. ಆ ಗೆರೆಯ ಕೆಳಗಿನ ಕೂದಲನ್ನಷ್ಟೇ ಬ್ರಷ್ ಮಾಡಿ, ಬುಡದಿಂದ ತುದಿಗೆ. ಒಂದು ಬೆರಳಗಲ ಕೂದಲು ಕೆಳಗೆ ಬಿಡಿ, ಹೊಸ ಗೆರೆ ಕಾಣುತ್ತದೆ, ಮತ್ತೆ ಬ್ರಷ್ ಮಾಡಿ. ಹೀಗೆ ಗೆರೆಗೆರೆಯಾಗಿ ಬೆನ್ನಿನವರೆಗೆ ಬನ್ನಿ. ಕಾಲುಗಳಿಗೂ ಹೀಗೇ, ಪಾದದಿಂದ ಮೇಲಕ್ಕೆ. ಚರ್ಮ ಕಾಣದಿದ್ದರೆ ನೀವು ಮತ್ತೆ ಮೇಲೆ ಮೇಲೆ ಸವರುತ್ತಿದ್ದೀರಿ ಎಂದರ್ಥ. ಸ್ಲಿಕರ್ ಬ್ರಷ್ಷನ್ನು ಒತ್ತಬೇಡಿ, ಒಂದೇ ಜಾಗದಲ್ಲಿ ಹತ್ತಾರು ಸಲ ಎಳೆಯಬೇಡಿ. ಚರ್ಮ ಕೆಂಪಾಗಿ ಉರಿಯಲು ಅಷ್ಟು ಸಾಕು.

ಬ್ರಷ್ ಮುಗಿದ ಮೇಲೆ ಅದೇ ಗೆರೆಗಳಲ್ಲಿ ಬಾಚಣಿಗೆ. ಮೊದಲು ಅಗಲ ಹಲ್ಲು, ಆಮೇಲೆ ಒತ್ತು ಹಲ್ಲು. ಬಾಚಣಿಗೆ ಬುಡದಿಂದ ತುದಿಯವರೆಗೆ ಎಲ್ಲೂ ನಿಲ್ಲದೆ ಬಂದರೆ ಮಾತ್ರ ಆ ಭಾಗ ಮುಗಿಯಿತು. ಈ ಒಂದು ಮಾತಿನಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಇಡೀ ಮೈ ದಿನಾ ಮಾಡಬೇಕಾಗಿಲ್ಲ. ಇವತ್ತು ಎಡಮಗ್ಗುಲು, ನಾಳೆ ಬಲಮಗ್ಗುಲು, ನಾಡಿದ್ದು ಕಾಲು ಮತ್ತು ಬಾಲ. ಆದರೆ ಉಜ್ಜುವಿಕೆ ಜಾಸ್ತಿ ಇರುವ ಜಾಗಗಳನ್ನು ದಿನಾ ನೋಡಲೇಬೇಕು: ಕಿವಿಯ ಹಿಂದೆ, ಗಲ್ಲದ ಕೆಳಗೆ, ಕೊರಳಪಟ್ಟಿ ತಾಗುವಲ್ಲಿ, ಕಂಕುಳು, ತೊಡೆಸಂದು, ಬಾಲದ ಬುಡ. ಹಾರ್ನೆಸ್ ಹಾಕುತ್ತೀರಾದರೆ ಮನೆಗೆ ಬಂದ ತಕ್ಷಣ ಬಿಚ್ಚಿ. ಮುಂಗಾಲಿನ ಸಂದಿಯಲ್ಲಿ ಗಂಟಾಗಲು ಎಷ್ಟೋ ಸಲ ಹಾರ್ನೆಸ್ಸಿನ ಪಟ್ಟಿಯೇ ಕಾರಣ. ಮನೆಯೊಳಗೆ ಬಣ್ಣಬಣ್ಣದ ಅಂಗಿ ಹಾಕಿಡುವ ರೂಢಿಯೂ ಈಗ ಜೋರಾಗಿದೆ. ಚಂದ ಕಾಣುತ್ತದೆ, ಒಪ್ಪಿದೆ. ಒಳಗೆ ಮಾತ್ರ ಕೂದಲು ಉಜ್ಜಿ ಉಜ್ಜಿ ಕಂಬಳಿಯಾಗುತ್ತದೆ, ನಮ್ಮ ಹಾಗೆ ಮೈ ಬೆವರದ ಪ್ರಾಣಿಗೆ ಸೆಕೆ ಬೇರೆ.

ಈಗಾಗಲೇ ಆಗಿರುವ ಗಂಟುಗಳ ವಿಷಯಕ್ಕೆ ಬರೋಣ. ಚಿಕ್ಕ ಗಂಟಾದರೆ ಅದರ ಮೇಲೆ ಸ್ವಲ್ಪ ಕಾರ್ನ್ ಫ್ಲೋರ್ ಉದುರಿಸಿ ಬೆರಳಿನಿಂದ ತಿಕ್ಕಿ. ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಗಂಟಿನ ಬುಡವನ್ನು, ಅಂದರೆ ಚರ್ಮಕ್ಕೂ ಗಂಟಿಗೂ ನಡುವಿನ ಕೂದಲನ್ನು, ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಆಗ ಎಳೆತ ನಿಮ್ಮ ಬೆರಳಿಗೆ ಬೀಳುತ್ತದೆಯೇ ಹೊರತು ಅದರ ಚರ್ಮಕ್ಕಲ್ಲ. ಬೆರಳಿನಿಂದ ಗಂಟನ್ನು ಎರಡಾಗಿ, ನಾಲ್ಕಾಗಿ ಹಿಂಜಿ. ಆಮೇಲೆ ಬಾಚಣಿಗೆಯ ತುದಿಯ ಒಂದೆರಡು ಹಲ್ಲಿನಿಂದ ಗಂಟಿನ ಹೊರ ಅಂಚಿನಿಂದ ಬಿಡಿಸುತ್ತಾ ಒಳಕ್ಕೆ ಬನ್ನಿ. ಬುಡದಿಂದ ಶುರು ಮಾಡಿದರೆ ಗಂಟು ಇನ್ನೂ ಬಿಗಿಯುತ್ತದೆ.

ಎರಡು ಮೂರು ನಿಮಿಷದಲ್ಲಿ ಬಿಡದ ಗಂಟನ್ನು ಬಿಡಿಸುತ್ತಾ ಕೂರಬೇಡಿ, ಕತ್ತರಿಸಿ ತೆಗೆದುಹಾಕಿ. ಕೂದಲು ಮತ್ತೆ ಬರುತ್ತದೆ. ನಾಯಿಯ ನಂಬಿಕೆ ಅಷ್ಟು ಬೇಗ ಬರುವುದಿಲ್ಲ. ಕತ್ತರಿ ಹಾಕುವಾಗ ಮಾತ್ರ ಜಾಗ್ರತೆ. ಗಂಟನ್ನು ಎತ್ತಿ ಹಿಡಿದಾಗ ಕೆಳಗಿನ ಚರ್ಮವೂ ಅದರ ಜೊತೆ ಗುಡಾರದಂತೆ ಎದ್ದು ಬರುತ್ತದೆ. ಕೂದಲು ಎಂದುಕೊಂಡು ಚರ್ಮ ಕತ್ತರಿಸಿ, ಹೊಲಿಗೆ ಹಾಕಿಸಲು ಓಡಿಬರುವವರನ್ನು ವರ್ಷವರ್ಷವೂ ನೋಡುತ್ತೇನೆ. ಗಂಟಿಗೂ ಚರ್ಮಕ್ಕೂ ನಡುವೆ ಬಾಚಣಿಗೆ ತೂರಿಸಿ, ಬಾಚಣಿಗೆಯ ಮೇಲ್ಗಡೆಯಷ್ಟೇ ಕತ್ತರಿಸಿ. ಬಾಚಣಿಗೆಯೇ ಒಳಗೆ ಹೋಗದಿದ್ದರೆ ಕತ್ತರಿ ಕೆಳಗಿಡಿ. ಅಲ್ಲಿ ಕ್ಲಿಪ್ಪರ್, ಅಂದರೆ ಕೂದಲು ಕತ್ತರಿಸುವ ಯಂತ್ರ ಬೇಕು, 10 ನಂಬರಿನ ಬ್ಲೇಡ್. ಅದು ಸುಮಾರು ಒಂದೂವರೆ ಮಿಲಿಮೀಟರ್ ಕೂದಲು ಉಳಿಸಿ ತೆಗೆಯುತ್ತದೆ. ಕಿವಿಯ ಅಂಚಿನ ಗಂಟಿಗಂತೂ ಮನೆಯಲ್ಲಿ ಕತ್ತರಿ ಮುಟ್ಟಿಸಲೇಬೇಡಿ. ಕಿವಿಯ ಚರ್ಮ ತೆಳು, ರಕ್ತ ಬಂದರೆ ತಲೆ ಕೊಡವಿ ಗೋಡೆಯೆಲ್ಲ ಕೆಂಪು ಮಾಡುತ್ತದೆ. ಮೈಯೆಲ್ಲ ಒಂದೇ ಚಾಪೆಯಂತೆ ಅಂಟಿಕೊಂಡಿದ್ದರೆ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಮಂಪರು ಕೊಟ್ಟು ತೆಗೆಸುವುದು ಕ್ರೌರ್ಯವಲ್ಲ. ಬಿಡಿಸುತ್ತೇನೆಂದು ಗಂಟೆಗಟ್ಟಲೆ ಎಳೆಯುವುದೇ ಕ್ರೌರ್ಯ.

ಸ್ನಾನ ಮಾಡಿಸಿದರೆ ಗಂಟು ಸಡಿಲವಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಮಳೆಗೆ ತೊಯ್ದ ಕತ್ತದ ಹಗ್ಗದ ಗಂಟು ಬಿಚ್ಚಲು ನೋಡಿದ್ದೀರಾ? ಇದೂ ಹಾಗೇ. ನೀರು ಬಿದ್ದು ಒಣಗಿದ ಮೇಲೆ ಗಂಟು ಕಲ್ಲಾಗುತ್ತದೆ. ಅದರೊಳಗೆ ಉಳಿದ ಶಾಂಪೂ ಕೆರೆತ ತರುತ್ತದೆ. ಆದ್ದರಿಂದ ಬಾಚಣಿಗೆ ಪರೀಕ್ಷೆ ಪಾಸಾದ ಮೇಲೆಯೇ ಬಚ್ಚಲಿಗೆ.

ಎರಡರಿಂದ ನಾಲ್ಕು ವಾರಕ್ಕೊಮ್ಮೆ ಸ್ನಾನ ಸಾಕು. ಉಗುರುಬೆಚ್ಚಗಿನ ನೀರು. ಮನುಷ್ಯರ ಶಾಂಪೂ, ಮೈ ಸಾಬೂನು, ಮಗುವಿನ ಶಾಂಪೂ ಯಾವುದೂ ಬೇಡ. ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5.5. ನಾಯಿಯದ್ದು ಹೆಚ್ಚುಕಡಿಮೆ 7ರ ಆಸುಪಾಸು. ನಮಗೆ ಒಗ್ಗುವುದು ಅದಕ್ಕೆ ಒಗ್ಗುವುದಿಲ್ಲ. ಶೀಗೆಪುಡಿ, ಅಂಟುವಾಳ ಹಾಕಬಹುದೇ ಎಂದು ಶಿರಸಿ ಕಡೆಯವರು ಕೇಳುತ್ತಾರೆ. ಬೇಡ. ಕಣ್ಣಿಗೆ ಬಿದ್ದರೆ ನಮಗೇ ಎಷ್ಟು ಉರಿಯುತ್ತದೆ ಗೊತ್ತಲ್ಲ, ಈ ಜಾತಿಯ ಕಣ್ಣು ಮೊದಲೇ ಹೊರಚಾಚಿರುತ್ತದೆ. ಪುಡಿಯ ಚೂರುಗಳು ಒಳಗೂದಲಲ್ಲಿ ಕೂತರೆ ತೊಳೆದು ತೆಗೆಯುವುದೂ ಕಷ್ಟ. ಫಿನೈಲ್, ಡೆಟಾಲ್ ಹಾಕಿ ತೊಳೆಯುವವರು ಇನ್ನೂ ಇದ್ದಾರೆ. ಅವು ನೆಲಕ್ಕೆ, ನಾಯಿಗಲ್ಲ. ಮೈ ನೆಕ್ಕಿಕೊಂಡರೆ ಹೊಟ್ಟೆಗೆ ಹೋಗುವುದು ವಿಷವೇ.

ನಾಯಿಯ ಶಾಂಪೂವನ್ನು ಒಂದು ಮಗ್ ನೀರಲ್ಲಿ ತೆಳು ಮಾಡಿಕೊಂಡು ಹಾಕಿ. ಕೂದಲಿನ ದಿಕ್ಕಿನಲ್ಲೇ ಸವರಿ, ಹಿಂಡಿ. ತಲೆ ತಿಕ್ಕಿದ ಹಾಗೆ ಗುಂಡಗೆ ತಿಕ್ಕಿದರೆ ಬಿಡಿಸಿದ್ದೆಲ್ಲ ಮತ್ತೆ ಸಿಕ್ಕಾಗುತ್ತದೆ. ಆಮೇಲೆ ಕಂಡಿಷನರ್. ತೊಳೆಯುವುದು ಎಷ್ಟು ಹೊತ್ತು ಎಂದರೆ, ಸಾಕು ಅನ್ನಿಸಿದ ಮೇಲೂ ಇನ್ನೊಂದು ಬಕೆಟ್. ಕಡಲ ಹತ್ತಿರದ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಸವಳಾಗುತ್ತದೆ. ನಿಮ್ಮಲ್ಲೂ ಹಾಗಿದ್ದರೆ ಕೊನೆಯ ಬಕೆಟ್ ಮಾತ್ರ ಸಿಹಿನೀರಿನದ್ದಾಗಿರಲಿ.

ಇನ್ನು ಒಣಗಿಸುವುದು. ನಮ್ಮ ಜಿಲ್ಲೆಯಲ್ಲಿ ಇದೇ ಅರ್ಧ ಯುದ್ಧ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಹಗ್ಗದ ಮೇಲಿನ ಬಟ್ಟೆಯೇ ಎರಡು ದಿನಕ್ಕೆ ಒಣಗುವುದಿಲ್ಲ, ಎರಡು ಪದರ ಕೂದಲಿನ ನಾಯಿ ತಾನಾಗಿ ಹೇಗೆ ಒಣಗೀತು? ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೂದಲು ಗಂಟೆಗಟ್ಟಲೆ ಹಸಿಯಾಗಿಯೇ ಇರುತ್ತದೆ. ಆ ಬೆಚ್ಚಗಿನ ಹಸಿಯಲ್ಲಿ ಯೀಸ್ಟ್, ಶಿಲೀಂಧ್ರ, ಬ್ಯಾಕ್ಟೀರಿಯಾ ಎಲ್ಲ ಹಬ್ಬ ಮಾಡುತ್ತವೆ. ಮೊದಲು ಒಂಥರಾ ಮುಗ್ಗಲು ವಾಸನೆ, ಆಮೇಲೆ ಕೆರೆತ, ಕೊನೆಗೆ ಕೂದಲು ಉದುರಿದ ಕೆಂಪು ಬಿಲ್ಲೆಗಳು. ದುಂಡಗೆ ಕೂದಲು ಹೋಗಿ ಅಂಚಿನಲ್ಲಿ ಹೊಟ್ಟು ಕಂಡರೆ ಹುಳುಕಡ್ಡಿ ಇರಬಹುದು. ಅದು ಮನೆಯ ಮಕ್ಕಳಿಗೂ ಅಂಟುತ್ತದೆ, ಮನೆಮದ್ದು ಮಾಡುತ್ತಾ ಕೂರಬೇಡಿ.

ಒಣಗಿಸುವ ಕ್ರಮ ಹೀಗೆ. ಹಳೆಯ ಹತ್ತಿ ಪಂಚೆ ಇದ್ದರೆ ಬಹಳ ಒಳ್ಳೆಯದು, ದಪ್ಪ ಟವೆಲ್ಲಿಗಿಂತ ಬೇಗ ನೀರು ಹೀರುತ್ತದೆ. ಅದನ್ನು ಮೈಗೆ ಸುತ್ತಿ ಒತ್ತಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಮನೆಯಲ್ಲಿರುವ ಹೇರ್ ಡ್ರೈಯರ್ ನಡೆಯುತ್ತದೆ. ಬಿಸಿ ಕಡಿಮೆ ಇಟ್ಟು, ಒಂದು ಅಡಿ ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಇರಿ. ನಿಮ್ಮ ಇನ್ನೊಂದು ಕೈ ಗಾಳಿ ಬೀಳುವ ಜಾಗದಲ್ಲೇ ಇರಲಿ, ನಿಮಗೆ ಬಿಸಿ ತಡೆಯದಿದ್ದರೆ ಅದಕ್ಕೂ ತಡೆಯದು. ಗಾಳಿ ಹಾಕುತ್ತಾ ಗೆರೆಗೆರೆಯಾಗಿ ಬ್ರಷ್ ಮಾಡುತ್ತಾ ಹೋದರೆ ಕೂದಲು ನೆಟ್ಟಗೆ ಒಣಗುತ್ತದೆ. ಬುಡಕ್ಕೆ ಬೆರಳು ಹಾಕಿ ನೋಡಿ, ತಣ್ಣಗೆ ಅನ್ನಿಸಿದರೆ ಇನ್ನೂ ಹಸಿ ಇದೆ. ಕರೆಂಟ್ ಹೋದರೆ? ಮಳೆಗಾಲದಲ್ಲಿ ಹೋಗಿಯೇ ಹೋಗುತ್ತದೆ. ಅದಕ್ಕೇ ಮೋಡ ಕವಿದ ಸಂಜೆ ಸ್ನಾನ ಮಾಡಿಸಬೇಡಿ, ಬೆಳಿಗ್ಗೆ ಮಾಡಿಸಿ. ಘಟ್ಟದ ಮೇಲೆ ಕೆಲವರು ಬಚ್ಚಲ ಒಲೆಯ ಮುಂದೆ ಕೂರಿಸುತ್ತಾರೆ. ನಾಯಿಗೆ ಸುಖವೋ ಸುಖ. ಆದರೆ ಕಿಡಿ ಹಾರಿದರೆ ಉದ್ದ ಕೂದಲು ಹತ್ತಿಕೊಳ್ಳಲು ಹೊತ್ತು ಬೇಡ, ಮೂಗು ಚಪ್ಪಟೆ ಇರುವ ನಾಯಿಗೆ ಹೊಗೆಯೂ ಆಗದು. ದೂರ ಇಡಿ.

ಮಳೆಯಲ್ಲಿ ತಿರುಗಾಡಿ ಬಂದ ದಿನ ಪೂರ್ತಿ ಸ್ನಾನ ಬೇಡ. ಹೊಟ್ಟೆ, ಕಾಲು ಮಾತ್ರ ಸಾದಾ ನೀರಲ್ಲಿ ತೊಳೆದು ಒಣಗಿಸಿ.

ನಿಮ್ಮನೆಯವರ 'ಪೂರ್ತಿ ಬೋಳಿಸೋಣ' ಎಂಬ ಮಾತಿಗೆ ನನ್ನ ಉತ್ತರ: ಗಿಡ್ಡ ಮಾಡಿ, ಬೋಳಿಸಬೇಡಿ. ಶಿಹ್ ತ್ಸು ಕೂದಲು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಇರುತ್ತದೆ, ಕತ್ತರಿಸಿದರೆ ಮತ್ತೆ ಬರುತ್ತದೆ. ಮೇ ಕೊನೆಯಲ್ಲಿ ಅರ್ಧ ಇಂಚಿನಿಂದ ಒಂದು ಇಂಚಿನಷ್ಟು ಉಳಿಸಿ ಮೈಯೆಲ್ಲ ಸಮನಾಗಿ ಕತ್ತರಿಸಿದರೆ ಮಳೆಗಾಲ ಸುಲಭವಾಗಿ ಕಳೆಯುತ್ತದೆ. ಇದಕ್ಕೆ ಪಪ್ಪಿ ಕಟ್ ಎನ್ನುತ್ತಾರೆ. ನನ್ನನ್ನು ಕೇಳಿದರೆ ಕಾರವಾರದ ಹವೆಗೆ ವರ್ಷವಿಡೀ ಇದೇ ಸರಿ. ನೆಲ ಗುಡಿಸುವ ಉದ್ದ ಕೂದಲು ಪ್ರದರ್ಶನಕ್ಕೆ ಒಯ್ಯುವ ನಾಯಿಗೆ ಇರಲಿ. ಕ್ಲಿಪ್ಪರ್ ಕೊಂಡರೆ 4ಎಫ್ ಬ್ಲೇಡ್ ಸುಮಾರು 9.5 ಮಿಲಿಮೀಟರ್ ಕೂದಲು ಉಳಿಸುತ್ತದೆ, ಇನ್ನೂ ಉದ್ದ ಬೇಕಾದರೆ ಮೇಲೆ ಸಿಕ್ಕಿಸುವ ಬಾಚಣಿಗೆ ಸಿಗುತ್ತದೆ. ಬ್ಲೇಡ್ ಬೇಗ ಕಾಯುತ್ತದೆ. ಆಗಾಗ ನಿಮ್ಮ ಮಣಿಕಟ್ಟಿಗೆ ತಾಗಿಸಿ ನೋಡಿ. ಸಿಕ್ಕಿರುವ ಕೂದಲಲ್ಲಿ ಅದು ಓಡುವುದಿಲ್ಲ, ಬಾಚಿದ ಮೇಲೆಯೇ ಕತ್ತರಿಸಬೇಕು. ಚರ್ಮ ಕಾಣುವಂತೆ ಬೋಳಿಸಿದರೆ ಬಿಸಿಲು, ಸೊಳ್ಳೆ, ಬ್ಲೇಡಿನ ಉರಿ ಮೂರಕ್ಕೂ ಮೈ ಒಡ್ಡಿದ ಹಾಗೆ.

ಪಕ್ಕದ ಮನೆಯ ಪೊಮೆರೇನಿಯನ್‌ಗೂ ಇದನ್ನೇ ಮಾಡಲು ಹೇಳಬೇಡಿ. ಅದರ ಕೂದಲಿನ ರೀತಿಯೇ ಬೇರೆ. ತೀರಾ ಗಿಡ್ಡ ಮಾಡಿದರೆ ಕೆಲವದಕ್ಕೆ ತಿಂಗಳುಗಟ್ಟಲೆ ಕೂದಲೇ ಬರುವುದಿಲ್ಲ, ಬಂದರೂ ತೇಪೆ ತೇಪೆಯಾಗಿ ಬರುತ್ತದೆ. ಅದಕ್ಕೆ ಬ್ರಷ್ ಒಂದೇ ದಾರಿ.

ಅತ್ತೆಯವರ ಕೊಬ್ಬರಿ ಎಣ್ಣೆ. ನಮ್ಮ ಕಡೆ ಯಾವ ಕೂದಲಿಗೂ ಮೊದಲ ಮದ್ದು ಅದೇ, ಅವರದ್ದು ತಪ್ಪಲ್ಲ. ಆದರೆ ನಾಯಿ ಮೈ ನೆಕ್ಕುತ್ತದೆ. ಎಣ್ಣೆ ಹಚ್ಚಿದರೆ ಎಲ್ಲ ಬಿಟ್ಟು ನೆಕ್ಕುತ್ತಲೇ ಕೂರುತ್ತದೆ, ಭೇದಿಯಾಗುತ್ತದೆ. ಎಣ್ಣೆ ಕೂದಲಿಗೆ ಧೂಳು, ಮರಳು ಅಂಟಿ ಗಂಟು ಇನ್ನೂ ಜಾಸ್ತಿ. ಅವರ ಮಾತು ಪೂರ್ತಿ ತಳ್ಳಿಹಾಕಬೇಡಿ, ಒಂದು ಕಡೆ ಎಣ್ಣೆ ನಿಜವಾಗಿ ಕೆಲಸಕ್ಕೆ ಬರುತ್ತದೆ. ಮಳೆಗಾಲದ ಮುಂಚೆ ಮತ್ತು ಮಳೆಗಾಲದಲ್ಲಿ ರವೀಂದ್ರನಾಥ ಟ್ಯಾಗೋರ್ ಕಡಲತೀರದ ಮರಳಲ್ಲಿ ಕೆಲವೊಮ್ಮೆ ಕಪ್ಪು ಜಿಡ್ಡಿನ ಉಂಡೆಗಳು ಬಂದು ಬೀಳುತ್ತವೆ. ಟಾರ್ ಬಾಲ್ ಎಂದು ಪೇಪರಿನಲ್ಲಿ ಓದಿರುತ್ತೀರಿ. ಸಮುದ್ರಕ್ಕೆ ಸೇರಿದ ಕಚ್ಚಾ ತೈಲ ಅಲೆಗೆ ಸಿಕ್ಕಿ ಗಟ್ಟಿಯಾದದ್ದು ಅದು. ಪಾದದ ಕೂದಲಿಗೆ ಅಂಟಿದರೆ ನೀರಿಗೂ ಶಾಂಪೂಗೂ ಜಗ್ಗುವುದಿಲ್ಲ. ಸೀಮೆಎಣ್ಣೆ, ಪೆಟ್ರೋಲ್ ಹಚ್ಚಲೇಬೇಡಿ, ಚರ್ಮ ಸುಡುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಬೆರಳಿನಿಂದ ತಿಕ್ಕಿ ಕರಗಿಸಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಶಾಂಪೂ ಹಾಕಿ ಎಣ್ಣೆ ಪೂರ್ತಿ ತೆಗೆಯಿರಿ. ಬೆರಳ ಸಂದಿಯ ಉಂಡೆಯನ್ನು ಕತ್ತರಿಸಿ ತೆಗೆದುಬಿಡುವುದೇ ಸುಲಭ.

ಬೀಚಿಗೆ ಕರೆದೊಯ್ದ ದಿನವೆಲ್ಲ ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ಕಾಲು, ಹೊಟ್ಟೆ ತೊಳೆಯಿರಿ. ಉಪ್ಪು ಒಣಗಿದರೆ ಕೂದಲು ಗರಗರ ಆಗುತ್ತದೆ, ನವೆಯೂ ಬರುತ್ತದೆ. ಮರಳನ್ನು ಹಸಿಯಲ್ಲಿ ಬಾಚಬೇಡಿ. ಒಣಗಿಸಿದರೆ ಅರ್ಧ ತಾನಾಗಿ ಉದುರುತ್ತದೆ.

ಮಳೆ ನಿಂತ ಮೇಲೆ ಇನ್ನೊಂದು ಕಾಟ. ಅಕ್ಟೋಬರಿನಿಂದ ಬೇಲಿಬದಿಯಲ್ಲಿ ಉತ್ತರಣಿ, ನಾಚಿಕೆಮುಳ್ಳು, ಅಂಟಿಕೊಳ್ಳುವ ಹುಲ್ಲಿನ ಬೀಜ ಎಲ್ಲ ಬಲಿಯುತ್ತವೆ. ಉದ್ದ ಕೂದಲಿನ ನಾಯಿ ಒಂದು ಸುತ್ತು ಹೋಗಿ ಬಂದರೆ ಅರ್ಧ ಬೇಲಿ ಮನೆಗೆ ಬರುತ್ತದೆ. ಮೊನಚಾದ ಹುಲ್ಲುಬೀಜ ಬೆರಳ ಸಂದಿಯಲ್ಲಿ ಚರ್ಮದೊಳಗೇ ತೂರಿಕೊಂಡು ಕೀವು ಮಾಡುವುದುಂಟು, ಕಿವಿಯೊಳಗೂ ಇಳಿಯುವುದುಂಟು. ಬಂದ ತಕ್ಷಣ ಪಾದ, ಕಂಕುಳು, ಕಿವಿ ನೋಡಿ. ಶಿರಸಿ, ಸಿದ್ದಾಪುರ ಕಡೆ ನೆಂಟರ ಮನೆಗೆ ಕರೆದೊಯ್ದರೆ ಈ ಪಟ್ಟಿಗೆ ಉಂಬಳ ಮತ್ತು ಉಣುಗು ಸೇರುತ್ತವೆ. ತೋಟದ ಮನೆಯಾದರೆ ಅಡಿಕೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಬಣ್ಣದ ನೀರಿನ, ಹಂಡೆಯ ಹತ್ತಿರವೂ ಬಿಡಬೇಡಿ. ಬಿಳಿ ಕಾಲಿಗೆ ಚೊಗರು ಹತ್ತಿದರೆ ಆ ಬಣ್ಣ ಹೋಗುವುದು ಕೂದಲು ಕತ್ತರಿಸಿದಾಗಲೇ.

ಉಣುಗಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ನಾಯಿ ಉಣುಗಿನಿಂದ ಎರ್ಲಿಕಿಯಾ, ಬೇಬಿಸಿಯಾ ಎಂಬ ಜ್ವರಗಳು ಬರುತ್ತವೆ. ಊಟ ಬಿಡುವುದು, ವಸಡು ಬಿಳಚುವುದು, ಮೂತ್ರ ಕಂದಾಗುವುದು ಕಂಡರೆ ತಡ ಮಾಡಬಾರದು. ಮನುಷ್ಯರಿಗೆ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, ಸಿದ್ದಾಪುರದ ಹಳ್ಳಿಗಳೂ ಅದನ್ನು ಕಂಡಿವೆ. ಅದನ್ನು ಹರಡುವುದು ಕಾಡಿನ ಉಣುಗು. ಕಾಡಂಚಿನಲ್ಲಿ ತಿರುಗಾಡಿದ ನಾಯಿಯನ್ನು ಹಾಸಿಗೆಗೆ ಹತ್ತಿಸುವ ಮೊದಲು ಬಾಚಿ ನೋಡುವುದು ನಿಮಗೂ ಒಳ್ಳೆಯದು. ಕಿವಿಯೊಳಗೆ, ಬೆರಳ ಸಂದಿ, ಕೊರಳಪಟ್ಟಿಯ ಕೆಳಗೆ, ಬಾಲದ ಕೆಳಗೆ ಮೊದಲು ಹುಡುಕಿ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬರಿಗೈಯಲ್ಲಿ ಹಿಸುಕಬೇಡಿ, ಬೆಂಕಿಕಡ್ಡಿ ತೋರಿಸಬೇಡಿ. ಮತ್ತೆ ಇನ್ನೊಂದು ಮಾತು, ಕೊಟ್ಟಿಗೆಯಲ್ಲಿ ಹಸುವಿಗೆ ಹಾಕುವ ಉಣುಗಿನ ಔಷಧವನ್ನು ಒಂದು ಹನಿಯೂ ಈ ಪುಟ್ಟ ನಾಯಿಗೆ ಹಾಕಬೇಡಿ. ಅದರ ಅಳತೆ ಹಸುವಿನದ್ದು. ನಾಯಿಯ ತೂಕಕ್ಕೆ ತಕ್ಕ ಔಷಧ ವೈದ್ಯರು ಬರೆದುಕೊಡುತ್ತಾರೆ.

ಸೋಫಾದ ಕೆಳಗೆ ಓಡುವುದಕ್ಕೆ ಕಾರಣ ಹಟವಲ್ಲ, ನೋವು. ಅವಳ ಲೆಕ್ಕದಲ್ಲಿ ಬ್ರಷ್ ಎಂದರೆ ಕೂದಲು ಕೀಳುವ ವಸ್ತು. ಮೊದಲು ಇರುವ ಗಂಟುಗಳನ್ನೆಲ್ಲ ಕತ್ತರಿಸಿಯೋ ಕ್ಲಿಪ್ಪರ್ ಹಾಕಿಯೋ ತೆಗೆದುಬಿಡಿ. ಎಳೆಯುವುದೇ ಇಲ್ಲ ಎಂದಾದ ಮೇಲೆ ಪಾಠ ಶುರು ಮಾಡಿ. ನಾಲ್ಕೈದು ದಿನ ಬ್ರಷ್ಷನ್ನು ಬರೀ ತೋರಿಸಿ, ತಿನ್ನಲು ಕೊಟ್ಟು, ಎತ್ತಿಡಿ. ಆಮೇಲೆ ಬೆನ್ನಿನ ಮೇಲೆ ಎರಡು ಸಲ ಎಳೆದು ತಿನಿಸು. ಅವಳು ಎದ್ದು ಹೋಗುವ ಮೊದಲೇ ನೀವು ನಿಲ್ಲಿಸಬೇಕು, ಅದೇ ಚಾಣಾಕ್ಷತನ. ಉಪ್ಪು ಹಾಕದೆ ಬೇಯಿಸಿದ ಕೋಳಿಯ ಚೂರು, ಮುಳ್ಳು ತೆಗೆದ ಮೀನು ಕೊಡಬಹುದು. ಸಸ್ಯಾಹಾರಿ ಮನೆಯಾದರೆ ಬೇಯಿಸಿದ ಗೆಣಸು ಸಾಕು. ಒಣಮೀನು ಬೇಡ, ಉಪ್ಪು ಜಾಸ್ತಿ. ಒಣದ್ರಾಕ್ಷಿ ಬೇಡವೇ ಬೇಡ, ಅದು ನಾಯಿಯ ಮೂತ್ರಪಿಂಡಕ್ಕೆ ವಿಷ. ನೆಲದ ಮೇಲೆ ಬಗ್ಗಿ ಮಾಡುವ ಬದಲು ಮೇಜಿನ ಮೇಲೆ ರಬ್ಬರ್ ಮ್ಯಾಟ್ ಹಾಸಿ ಮಾಡಿ, ಕಾಲು ಜಾರದಿದ್ದರೆ ನಾಯಿ ಅರ್ಧ ಸಮಾಧಾನವಾಗುತ್ತದೆ. ಒಂದು ಕೈ ಮಾತ್ರ ಯಾವಾಗಲೂ ಅದರ ಮೇಲಿರಲಿ, ಕೆಳಗೆ ಹಾರಿದರೆ ಕಾಲು ಮುರಿಯುತ್ತದೆ. ಬಾಯಿ ಹಾಕಿದಾಗ ಹೊಡೆಯಬೇಡಿ, ಗದರಲೂ ಬೇಡಿ. ಎಲ್ಲಿ ಕೈ ಇಟ್ಟಾಗ ಕಚ್ಚಲು ಬಂದಳು ಎಂದು ನೋಡಿ. ಅಲ್ಲೇ ಗಂಟೋ ಗಾಯವೋ ಇರುತ್ತದೆ.

ಉಳಿದ ಸಣ್ಣಪುಟ್ಟದ್ದು. ಪಾದದ ಮೆತ್ತೆಗಳ ನಡುವೆ ಬೆಳೆದ ಕೂದಲನ್ನು ಮೆತ್ತೆಯ ಮಟ್ಟಕ್ಕೆ ಕತ್ತರಿಸಿ. ಇಲ್ಲದಿದ್ದರೆ ಟೈಲ್ಸ್ ನೆಲದ ಮೇಲೆ ಜಾರುತ್ತದೆ, ಕೆಸರು, ಮರಳು ಅಲ್ಲೇ ಕೂರುತ್ತದೆ. ಗುದದ ಸುತ್ತಲಿನ ಕೂದಲು ಗಿಡ್ಡ ಇರಲಿ. ಉಗುರು ನಡೆಯುವಾಗ ಟಕಟಕ ಅಂದರೆ ತುದಿ ಮಾತ್ರ ಕತ್ತರಿಸಿ, ಒಳಗೆ ಗುಲಾಬಿ ಬಣ್ಣದ ರಕ್ತನಾಳ ಇರುತ್ತದೆ. ಕಿವಿಗೆ ಇಯರ್ ಬಡ್ ಹಾಕಬೇಡಿ, ಸ್ನಾನದ ನಂತರ ಹತ್ತಿಯಿಂದ ಕಾಣುವಷ್ಟು ಜಾಗ ಒರೆಸಿ. ಕಿವಿಯೊಳಗಿನ ಕೂದಲನ್ನು ಸುಮ್ನೆ ಕೀಳುವುದು ಬೇಡ. ಸೋಂಕಿದ್ದರೆ ಮಾತ್ರ ವೈದ್ಯರು ಹೇಳುತ್ತಾರೆ.

ಕಣ್ಣಿನ ಬಗ್ಗೆ ನೀವು ಕೇಳಿಲ್ಲ, ಆದರೆ ಈ ಜಾತಿಗೆ ಅದನ್ನು ಹೇಳದೆ ಬಿಡುವ ಹಾಗಿಲ್ಲ. ಮೂಗಿನ ಮೇಲಿನ ಕೂದಲು ಕಣ್ಣಿಗೆ ಚುಚ್ಚುತ್ತಿರುತ್ತದೆ. ಒಂದೋ ಅದನ್ನು ಗಿಡ್ಡ ಮಾಡಿ, ಇಲ್ಲವೇ ಮೇಲೆತ್ತಿ ಮೆತ್ತನೆಯ ಬ್ಯಾಂಡ್ ಹಾಕಿ ಜುಟ್ಟು ಕಟ್ಟಿ. ಬಿಗಿಯಾಗಿ ಕಟ್ಟಬೇಡಿ, ರಾತ್ರಿ ಬಿಚ್ಚಿಡಿ. ಕಟ್ಟಿದ ಜುಟ್ಟು ದಿನಗಟ್ಟಲೆ ಹಾಗೇ ಬಿಟ್ಟರೆ ಅಲ್ಲೇ ಗಂಟಾಗಿ ಕೂದಲು ಬುಡಸಮೇತ ಬರುತ್ತದೆ. ಕಣ್ಣಿನ ಕೆಳಗಿನ ಕಂದು ಕಲೆ ಕಣ್ಣೀರಿನಲ್ಲಿರುವ ಪಾರ್ಫೈರಿನ್ ಎಂಬ ಬಣ್ಣದ್ದು. ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ದಿನಾ ಬೆಳಿಗ್ಗೆ ಒರೆಸಿ ಒಣಗಿಸಿದರೆ ಕಡಿಮೆಯಾಗುತ್ತದೆ. ಕಣ್ಣಿನ ಹತ್ತಿರ ಕತ್ತರಿ ಹಾಕುವಾಗ ಇನ್ನೊಬ್ಬರು ತಲೆ ಹಿಡಿದಿರಲಿ, ಕತ್ತರಿಯ ತುದಿ ಎಂದೂ ಕಣ್ಣಿನ ಕಡೆ ತಿರುಗಬಾರದು. ಒಂದು ಕಣ್ಣು ಮಾತ್ರ ಅರ್ಧ ಮುಚ್ಚಿಕೊಂಡಿದ್ದರೆ, ಕಾಲಿನಿಂದ ಉಜ್ಜುತ್ತಿದ್ದರೆ, ಕಣ್ಣಿನ ಮೇಲೆ ನೀಲಿ ಮಸುಕು ಕಂಡರೆ ನಾಳೆ ನೋಡೋಣ ಎನ್ನಬೇಡಿ. ಕಣ್ಣಿನ ಪಾರದರ್ಶಕ ಪದರಕ್ಕೆ ಹುಣ್ಣಾಗಿರಬಹುದು. ಮನೆಯಲ್ಲಿರುವ ಹಳೆಯ ಕಣ್ಣಿನ ಹನಿ ಹಾಕದೆ, ಅವತ್ತೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.